ಸಾಲ ನನಗೆ, ಮಾಸಾಶನ ಅವನಿಗೆ

ಬೆಸಗರಹಳ್ಳಿ ಅಂದ ಕೂಡಲೇ ಓದೋ ಅಭ್ಯಾಸ ಇರೋರು ‘ಓ, ರಾಮಣ್ಣನವರ ಊರಾ?’ ಅಂತಾರೆ. ಹೌದು, ಡಾಕ್ಟರೂ ಕಥೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರ ಊರೇ. ಇವತ್ತು ನಾನು ಹೇಳೋಕೆ ಹೊರಟಿರೋದು ಅದೇ ಊರಿನ ಇನ್ನೊಬ್ಬನ ವಿಷಯ. ಜೊತೆಗೆ, ಅವನನ್ನು ಮುಟ್ಟದೇ ಹೋದ ನಲವತ್ತು ವರ್ಷದ ಇತಿಹಾಸ.

ಅವನು ನನ್ನ ಚಿಕ್ಕಪ್ಪನ ಮಗ, ನನ್ನ ವಾರಿಗೆಯವನು. ಪಲ್ಸ್ ಪೋಲಿಯೊ ಹನಿ ಹಾಕೋದು ಶುರುವಾಗಿದ್ದು 1995ರಲ್ಲಿ. ಅಷ್ಟೊತ್ತಿಗಾಗಲೇ ಅವನ ಬಲಗಾಲಿನ ಶಕ್ತಿ ಹೋಗಿತ್ತು. ಚಿಕ್ಕಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಸ್ಕೂಲಿಗೆ ಬಿಡ್ತಿದ್ದರು. ಲೆಕ್ಕದಲ್ಲಿ ನನಗಿಂತ ಯಾವಾಗಲೂ ಮುಂದು.

2006ರಲ್ಲಿ ಇಬ್ಬರೂ ಪಿಯುಸಿ ಮುಗಿಸಿದೆವು. ಇಬ್ಬರಿಗೂ ಹದಿನೆಂಟು. ನಾನು ಬಿಇ ಸೇರಿದೆ, ಫೀಸಿಗೆ ಬ್ಯಾಂಕಿನ ಶಿಕ್ಷಣ ಸಾಲ. 2001ರಲ್ಲಿ ಬಂದ ಯೋಜನೆ ಅದು. 4 ಲಕ್ಷದವರೆಗೆ ಅಡಮಾನ ಬೇಕಿರಲಿಲ್ಲ. ‘ಹಾಸ್ಟೆಲಲ್ಲಿ ಇವನನ್ನ ಯಾರು ನೋಡ್ಕೋತಾರೆ?’ ಅಂತ ಚಿಕ್ಕಪ್ಪ ಅವನನ್ನ ಮನೆಯಲ್ಲೇ ಉಳಿಸಿಕೊಂಡರು. ಅವನು ಮಾಸಾಶನಕ್ಕೆ ಅರ್ಜಿ ಹಾಕಿದ. ಬ್ಯಾಂಕಿನವರು ನನ್ನನ್ನು ‘ಮುಂದೆ ಏನಾಗ್ತೀಯಪ್ಪ?’ ಅಂತ ಕೇಳಿದರು. ಅವನನ್ನು ಎಲ್ಲರೂ ಕೇಳಿದ್ದು ‘ಶೇಕಡಾ ಎಷ್ಟು?’

ಹಾಗಾದರೆ ಅವನಿಗೆ ಅಂತ ಏನೂ ಇರಲಿಲ್ಲವಾ? ಇತ್ತು. ಆಮೇಲೆ ಹುಡುಕಿ ನೋಡಿದಾಗ ನನಗೇ ಆಶ್ಚರ್ಯ ಆಯ್ತು. ಕೇಂದ್ರ ಸರ್ಕಾರದ ‘ಸಿ’ ಮತ್ತು ‘ಡಿ’ ದರ್ಜೆ ಕೆಲಸಗಳಲ್ಲಿ ಅಂಗವಿಕಲರಿಗೆ ಶೇ 3 ಮೀಸಲಾತಿ 1977ರಲ್ಲೇ ಬಂದಿತ್ತು. ಊರುಗೋಲು, ಕ್ಯಾಲಿಪರ್, ಮೂರು ಚಕ್ರದ ಸೈಕಲ್ ಕೊಡುವ ‘ಅಡಿಪ್’ ಯೋಜನೆ 1981ರದ್ದು. ಮದ್ದೂರಲ್ಲಿ ರೈಲು ಹತ್ತಿದರೆ ಸಿಗೋ ಮೈಸೂರಿನಲ್ಲಿ, ಅಂಗವಿಕಲರಿಗೆಂದೇ ಜೆಎಸ್‌ಎಸ್ ಪಾಲಿಟೆಕ್ನಿಕ್ 1991ರಿಂದ ನಡೀತಿದೆ. 1997ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲರಿಗೆ ಸಾಲ ಕೊಡೋಕೇ ಒಂದು ರಾಷ್ಟ್ರೀಯ ಹಣಕಾಸು ನಿಗಮ ಮಾಡಿತು.

ಎಲ್ಲಾ ಇತ್ತು, ಒಂದಕ್ಕೊಂದು ಕೊಂಡಿ ಮಾತ್ರ ಇರಲಿಲ್ಲ. 1995ರ ಅಂಗವಿಕಲರ ಕಾಯ್ದೆ ಹದಿನೆಂಟು ತುಂಬುವವರೆಗೆ ಉಚಿತ ಶಿಕ್ಷಣ ಅಂತ ಹೇಳಿತು. 2009ರಲ್ಲಿ ಬಂದ ಕೇಂದ್ರದ ಅಂಗವಿಕಲರ ಪಿಂಚಣಿ ಹದಿನೆಂಟರಿಂದ ಶುರು: ಬಿಪಿಎಲ್ ಕುಟುಂಬ, ಶೇ 80 ವೈಕಲ್ಯ, ತಿಂಗಳಿಗೆ 200 ರೂಪಾಯಿ. ಆಮೇಲೆ 300 ಆಯ್ತು. ರಾಜ್ಯದ ಮಾಸಾಶನ ಶೇ 40ರ ಮೇಲಿದ್ದರೂ ಸಿಗುತ್ತೆ. ಈಗ 800, ಶೇ 75 ದಾಟಿದರೆ 1,400. ಅಂದರೆ ಹದಿನೆಂಟಕ್ಕೆ ಸ್ಕೂಲಿನ ಬಾಗಿಲು ಮುಚ್ಚುತ್ತೆ, ಮಾಸಾಶನದ ಬಾಗಿಲು ತೆಗೆಯುತ್ತೆ. ನಡುವೆ ಕಾಲೇಜು, ಹಾಸ್ಟೆಲ್, ಬಸ್ಸು, ಮೊದಲನೇ ಕೆಲಸ ಇವೆಯಲ್ಲ, ಅದನ್ನು ಕೈಹಿಡಿದು ದಾಟಿಸೋದು ಯಾರ ಕೆಲಸ ಅಂತ ಬರೆದಿರಲಿಲ್ಲ.

2016ರ ಕಾಯ್ದೆ ಸ್ವಲ್ಪ ಸರಿಮಾಡಿತು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5 ಸೀಟು, ಸರ್ಕಾರಿ ಕೆಲಸದಲ್ಲಿ ಶೇ 4. ಆದರೆ ಉಚಿತ ಶಿಕ್ಷಣ ಇವತ್ತಿಗೂ 6ರಿಂದ 18. ಇನ್ನು ನನ್ನ-ನಿಮ್ಮಂಥವರ ಖಾಸಗಿ ಆಫೀಸುಗಳಿಗೆ ಮೀಸಲಾತಿ ಇಲ್ಲ. ಶೇ 5ರಷ್ಟು ಅಂಗವಿಕಲರನ್ನು ತಗೊಳ್ಳಲಿ ಅಂತ ‘ಪ್ರೋತ್ಸಾಹ’ ಕೊಡಬೇಕು ಅನ್ನುತ್ತೆ ಕಾಯ್ದೆ, ಅಷ್ಟೇ. ನಿಮ್ಮ ಫ್ಲೋರಿನಲ್ಲಿ ಅಂಥವರು ಎಷ್ಟು ಜನ ಇದ್ದಾರೆ, ಒಂದು ಸಲ ಎಣಿಸಿ ನೋಡಿ.

ಈಗ ಅವನು ಊರಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೆಲಸ ಅಚ್ಚುಕಟ್ಟು. ಮೈಸೂರಿನ ಪಾಲಿಟೆಕ್ನಿಕ್ ವಿಷಯ ನಾನು ಅವನಿಗೆ ಹೇಳಿದಾಗ ಇಬ್ಬರಿಗೂ ಮೂವತ್ತು ದಾಟಿತ್ತು. ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳಿದ: ‘ಮಾಸಾಶನ ಬ್ಯಾಡ ಅನ್ನಲ್ಲ ಕಣ್ಲಾ, ಮನೆ ಖರ್ಚಿಗೆ ಆಯ್ತದೆ. ಆದ್ರೆ ಅವತ್ತು ನಿಂಗೆ ಕೊಟ್ಟಂಗೆ ನಂಗೂ ಸಾಲ ಕೊಟ್ಟಿದ್ರೆ, ನಾನೂ ತೀರುಸ್ತಿದ್ದೆ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಊರಿಗೆ ಹೋದಾಗಲೆಲ್ಲ ಒಂದು ಕೆಲಸ ಮಾಡ್ತೀನಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಎಸ್ಸೆಸ್ಸೆಲ್ಸಿಯಲ್ಲಿ ಅಂಥ ಮಕ್ಕಳು ಯಾರಾದರೂ ಇದ್ದಾರಾ ಅಂತ ಕೇಳ್ತೀನಿ. ಹದಿನೆಂಟಕ್ಕೆ ಹೇಳಿದರೆ ತಡವಾಗುತ್ತೆ, ಹದಿನಾರಕ್ಕೇ ಹೇಳಬೇಕು.