ಮಣ್ಣಿನ ದಿಬ್ಬದ ಕೋಟೆಗಳು ಮತ್ತು ನಾರ್ಮನ್ ಇಂಗ್ಲೆಂಡಿನ ಗ್ರಾಮಸಮಾಜ

ಯುರೋಪಿನ ಮಧ್ಯಯುಗದ ಕೋಟೆಯೆಂದೊಡನೆ ಕಲ್ಲಿನ ಬುರುಜುಗಳೇ ಕಣ್ಣಮುಂದೆ ನಿಲ್ಲುತ್ತವೆ. ಆದರೆ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಮೊದಲಿಗೆ ಎಬ್ಬಿಸಿದ ಕೋಟೆಗಳಲ್ಲಿ ಹೆಚ್ಚಿನವು ಮಣ್ಣು ಮತ್ತು ಮರದವು. ಆಳವಾದ ಕಂದಕವನ್ನು ತೋಡಿ, ಆ ಮಣ್ಣನ್ನೇ ದಿಬ್ಬವಾಗಿ ಪೇರಿಸಿ, ನೆತ್ತಿಯಲ್ಲಿ ಮರದ ಗೋಪುರವನ್ನು ನಿಲ್ಲಿಸುತ್ತಿದ್ದರು. ಈ ದಿಬ್ಬಕ್ಕೆ ‘ಮಾಟ್’ ಎಂದೂ, ಅದರ ಬುಡದಲ್ಲಿ ಗೂಟಗಳ ಬೇಲಿಯಿಂದ ಸುತ್ತುವರಿದ ಅಂಗಳಕ್ಕೆ ‘ಬೇಯ್ಲಿ’ ಎಂದೂ ಹೆಸರು. ಒಡೆಯನ ಸಭಾಗೃಹ, ಲಾಯ, ಕಣಜಗಳು ಇದ್ದುದು ಈ ಅಂಗಳದಲ್ಲಿ. ಆದ್ದರಿಂದ ಇದು ಕೇವಲ ಸೈನಿಕ ನೆಲೆಯಲ್ಲ. ಸುತ್ತಲಿನ ಹಳ್ಳಿಗಳ ಮೇಲೆ ಊಳಿಗಮಾನ್ಯ ಒಡೆತನ ನಡೆಸುವ ಮನೆಯೂ ಹೌದು.

ಬೇಯೂ ಕಸೂತಿಪಟದಲ್ಲಿ ಹೇಸ್ಟಿಂಗ್ಸ್ ಕೋಟೆಯ ದೃಶ್ಯವಿದೆ. ಕೋಟೆಯನ್ನು ‘ತೋಡಲು’ ಆಜ್ಞೆಯಾಯಿತೆಂದು ಅಲ್ಲಿನ ಲ್ಯಾಟಿನ್ ಬರಹ ಹೇಳುತ್ತದೆಯೇ ಹೊರತು ಕಟ್ಟಲು ಎಂದಲ್ಲ. ಸನಿಕೆಗಳಿಂದ ಹೊಡೆದಾಡುವ ಇಬ್ಬರು ಕೆಲಸಗಾರರನ್ನೂ ಕಸೂತಿಯವರು ಬಿಟ್ಟಿಲ್ಲ. ನಮ್ಮ ಶಾಸನಗಳು ‘ಬಿಟ್ಟಿ’ ಎಂದು ಕರೆಯುವ ದುಡಿಮೆಗೆ ಇದು ಹತ್ತಿರದ್ದು. ಪೀಟರ್‌ಬರೋ ಮಠದ ವಾರ್ಷಿಕ ವೃತ್ತಾಂತವು 1137ರ ನಮೂದಿನಲ್ಲಿ, ಪ್ರಭುಗಳು ಕೋಟೆಯ ಕೆಲಸಕ್ಕೆ ಬಡಜನರನ್ನು ಹಿಂಡಿದ ಬಗೆಯನ್ನು ಕಟುವಾಗಿ ವರ್ಣಿಸುತ್ತದೆ. ಪಟ್ಟಣಗಳೂ ಉಳಿಯಲಿಲ್ಲ, ಲಿಂಕನ್‌ನಲ್ಲಿ ಕೋಟೆಗಾಗಿ 166 ಮನೆಗಳು ಹೋದುವೆಂದು 1086ರ ಡೂಮ್ಸ್‌ಡೇ ದಫ್ತರ ದಾಖಲಿಸಿದೆ.

ಆದರೆ ಎಲ್ಲ ಕೋಟೆಗಳೂ ರೈತನ ನೆಲವನ್ನು ನುಂಗಿದುವೆನ್ನುವುದು ಆತುರದ ಮಾತು. ವೇಲ್ಸ್ ಗಡಿಯ ಹೆನ್ ಡೊಮೆನ್‌ನಲ್ಲಿ ಫಿಲಿಪ್ ಬಾರ್ಕರ್ 1960ರಿಂದ ನಡೆಸಿದ ಉತ್ಖನನದಲ್ಲಿ, ಕೋಟೆಯ ಏರಿಯ ಅಡಿಯಲ್ಲಿ ನೇಗಿಲಿನ ಸಾಲುಗಳು ದೊರೆತವು. ಆದರೆ ಆ ಸೀಮೆಯು ನಾರ್ಮನ್ನರಿಗೆ ಮೊದಲೇ ಪಾಳುಬಿದ್ದು ಬೇಟೆಯ ನೆಲವಾಗಿತ್ತೆಂದು ಡೂಮ್ಸ್‌ಡೇಯಿಂದಲೇ ತಿಳಿಯುತ್ತದೆ. ರೋಜರ್ ಮಾಂಟ್‌ಗೊಮೆರಿ 1070ರ ದಶಕದಲ್ಲಿ ಕೋಟೆ ಹಾಕಿದ್ದು ಆ ಪಾಳಿನ ಮೇಲೆ.

ಜನಪದ ಐತಿಹ್ಯವು ಈ ದಿಬ್ಬಗಳನ್ನು ಬೇರೆ ರೀತಿಯಲ್ಲಿ ನೆನೆಯುತ್ತದೆ. ಮಾರ್ಲ್‌ಬರೋದ ದಿಬ್ಬ ಮಾಂತ್ರಿಕ ಮೆರ್ಲಿನನ ಸಮಾಧಿಯೆಂಬ ನಂಬಿಕೆಯಿದೆ. ವಿದ್ವಾಂಸರಲ್ಲಿ ಹಲವರು ಅದನ್ನು ನಾರ್ಮನ್ ಮಾಟ್ ಎಂದೇ ಎಣಿಸಿದ್ದರು. 2011ರಲ್ಲಿ ಪ್ರಕಟವಾದ ಇಂಗಾಲದ ಕಾಲನಿರ್ಣಯದಿಂದ ಅದು ಕ್ರಿ.ಪೂ. 2400ರ ಸುಮಾರಿನದೆಂದು ತಿಳಿಯಿತು. ನಾರ್ಮನ್ನರು ಹಳೆಯ ದಿಬ್ಬವನ್ನೇ ಕೋಟೆಗೆ ಬಳಸಿಕೊಂಡಿದ್ದರು. ಮೆರ್ಲಿನನ ಕಥೆ ಚರಿತ್ರೆಯಲ್ಲ, ನಿಜ. ಆದರೂ ದಿಬ್ಬವು ಕೋಟೆಗಿಂತ ಬಹಳ ಹಳೆಯದೆಂಬ ಅಂಶದಲ್ಲಿ ಐತಿಹ್ಯವೇ ಹೆಚ್ಚು ಸರಿಯಾಗಿತ್ತು. 2016ರಲ್ಲಿ ಯಾರ್ಕ್‌ಷೈರಿನ ಸ್ಕಿಪ್‌ಸೀ ದಿಬ್ಬವೂ ಕಬ್ಬಿಣಯುಗದ್ದೆಂದು ಗೊತ್ತಾಯಿತು.