ಕಲ್ಲಿನ ಮ್ಯಾಲೆ ಯಾರ ಹೆಸರು?



ಸಂಘದ ಈ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರಿ ಅಂತ ಗೆಳೆಯರು ಹೇಳಿದರು. ಯುದ್ಧದಾಗ ಸತ್ತವರನ್ನು ನಮ್ಮ ಹಳ್ಳಿಗಳು ಹೆಂಗ ನೆನಪಿಟ್ಟುಕೊಂಡವು, ಯಾರನ್ನು ಮರೆತವು ಅನ್ನೋದನ್ನು ಬರೆಯುತ್ತಿದ್ದೇನೆ. ನಮ್ಮ ಕೇರಿಗೂ ಇದಕ್ಕೂ ಸಂಬಂಧ ಅದ.

ಕನ್ನಡ ಸೀಮೆಯ ಹಳ್ಳಿಗಳಾಗ ಹಣಮಪ್ಪನ ಗುಡಿ ಹತ್ತಿರ, ಅಗಸಿ ಕಡೆ, ಕೆರೆ ಏರಿ ಮ್ಯಾಲೆ ಚಿತ್ರ ಕೆತ್ತಿದ ಕಲ್ಲುಗಳು ನಿಂತಿರ್ತಾವ. ಎಷ್ಟೋ ಕಡೆ ಜನ ಎಣ್ಣೆ ಸುರಿದು, ಕುಂಕುಮ ಹಚ್ಚಿ, ದೇವರು ಅಂತ ಕೈ ಮುಗೀತಾರ. ಅವು ವೀರಗಲ್ಲುಗಳು. ಕೆಳಗಿನ ಸಾಲಿನಾಗ ಕಾಳಗ, ನಡುವಿನ ಸಾಲಿನಾಗ ಸತ್ತ ವೀರನನ್ನು ಅಪ್ಸರೆಯರು ಕರಕೊಂಡು ಹೋಗೋದು, ಮ್ಯಾಲಿನ ಸಾಲಿನಾಗ ಅವನು ಲಿಂಗದ ಮುಂದೆ ಕುಂತಿರೋದು. ರಾಜರ ದೊಡ್ಡ ಯುದ್ಧದಾಗ ಸತ್ತವರಿಗಷ್ಟೇ ಈ ಕಲ್ಲು ನಿಲ್ಲಿಸುತ್ತಿರಲಿಲ್ಲ. ಊರಿನ ದನ ಹೊಡಕೊಂಡು ಹೋಗೋರನ್ನು ತಡೆಯಲು ಹೋಗಿ ಸತ್ತವನಿಗೂ ನಿಲ್ಲಿಸುತ್ತಿದ್ದರು. ಶಾಸನಗಳು ಇದನ್ನು ತುರುಗೋಳ್ ಅಂತಾವ. ಕಲ್ಲಿನ ಜೊತೆ ಸತ್ತವನ ಮನೆಯವರಿಗೆ ಭೂಮಿ ಕೊಟ್ಟದ್ದೂ ಉಂಟು. ಅದರ ಹೆಸರು ನೆತ್ತರುಗೊಡಗೆ. ಅಂದರೆ ಸುರಿಸಿದ ನೆತ್ತರಿಗೆ ಕೊಟ್ಟ ಹೊಲ. ಸತ್ತವನ ಹೆಸರು ಕಲ್ಲಿನ ಮ್ಯಾಲೆ ಉಳೀಬೇಕು, ಅವನ ಮಕ್ಕಳ ಹೊಟ್ಟೆಯೂ ತುಂಬಬೇಕು ಅನ್ನೋದು ಆಗಿನ ಲೆಕ್ಕ.

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಾಗ ಒಂದು ವಿಚಿತ್ರ ಕಲ್ಲು ಸಿಕ್ಕಿತ್ತು. ಕ್ರಿ.ಶ. 949ರ ಹೊತ್ತಿಗೆ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ನಡೆಯಿತು. ಅದರಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಅನ್ನೋ ವೀರ ಗೆದ್ದು ಬಂದು, ಬಹುಮಾನವಾಗಿ ಕಾಳಿ ಅನ್ನೋ ಬೇಟೆನಾಯಿ ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷ ಕಳೆದರೂ ಕಾಳಿಯ ಹೆಸರು ಇವತ್ತಿಗೂ ಓದಲು ಸಿಗ್ತದ. ನಾಯಿಗೆ ಕೊಟ್ಟ ಗೌರವಕ್ಕೆ ನನ್ನ ತಕರಾರಿಲ್ಲ. ಆದರೆ ಮನುಷ್ಯರ ಲೆಕ್ಕ ಏನಾಯ್ತು ನೋಡ್ರಿ.

1914ರಿಂದ 1918ರ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 13 ಲಕ್ಷ ಜನ ಹೋದರು. ಅವರಲ್ಲಿ ಸುಮಾರು 74 ಸಾವಿರ ಮಂದಿ ತಿರುಗಿ ಬರಲಿಲ್ಲ. ಆಗ ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಾಗಿತ್ತು. ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಕುದುರೆ ದಂಡಿನ ನೆನಪಿಗೆ ದೆಹಲಿಯಲ್ಲಿ ಮೂರು ಮೂರ್ತಿ ನಿಲ್ಲಿಸಿದ್ದಾರೆ. ಅದಕ್ಕೇ ಆ ಜಾಗಕ್ಕೆ ತೀನ್ ಮೂರ್ತಿ ಅಂತ ಹೆಸರು. ಕುದುರೆ ದಂಡಿಗೆ ಮೂರ್ತಿ ಬಂತು. ಹೊರೆ ಹೊತ್ತವರಿಗೆ, ರಸ್ತೆ ಕಡಿದವರಿಗೆ, ಕಸ ಬಳಿದವರಿಗೆ ಏನು ಬಂತು? ಯುದ್ಧ ಮುಗಿದ ಮ್ಯಾಲೆ ಕೊಟ್ಟ ಪದಕದಾಗೂ ಭೇದ ಮಾಡಿದರು. ಸಿಪಾಯಿಗೆ ಬೆಳ್ಳಿಯದು, ಕೂಲಿ ದಳದವರಿಗೆ ಅದೇ ಪದಕ ಕಂಚಿನದು. ಇರಾಕಿನ ಬಸ್ರಾದಲ್ಲಿ ಸ್ಮಾರಕ ಕಟ್ಟಿದಾಗ ಬ್ರಿಟಿಷ್ ಸಿಪಾಯಿಗಳ ಹೆಸರು ಒಂದೊಂದಾಗಿ ಕೆತ್ತಿದರು. ಭಾರತದವರಲ್ಲಿ ಅಧಿಕಾರಿಗಳ ಹೆಸರು ಮಾತ್ರ ಬಂತು. ಉಳಿದ ಸಿಪಾಯಿಗಳು ಇಷ್ಟು ಮಂದಿ ಅಂತ ಬರೀ ಅಂಕಿ ಆದರು. ಆ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರಲ್ಲಿ ವರದಿ ತಂದು ಈ ಅನ್ಯಾಯಕ್ಕೆ ಕ್ಷಮೆ ಕೇಳಿತು. ನೂರು ವರ್ಷ ಆದ ಮ್ಯಾಲೆ.

ಹೆಸರು ಕಲ್ಲಿನ ಮ್ಯಾಲೆ ಇದ್ದರೆ ಏನಾಗ್ತದ ಅನ್ನೋದಕ್ಕೆ ಭೀಮಾ ಕೋರೆಗಾಂವ್ ಸಾಕ್ಷಿ. ನಮ್ಮ ನಾರಾಯಣಪೇಟೆ ಜಿಲ್ಲೆಯ ಅಂಚಿನಾಗ ಕೃಷ್ಣೆಯನ್ನು ಕೂಡುವ ಇದೇ ಭೀಮಾ ನದಿಯ ದಂಡೆ ಮ್ಯಾಲೆ, ಪುಣೆ ಹತ್ತಿರ, 1818ರ ಜನವರಿ 1ರಂದು ಪೇಶ್ವೆಯ ಸೈನ್ಯಕ್ಕೂ ಕಂಪನಿ ಸೈನ್ಯಕ್ಕೂ ಯುದ್ಧ ಆಯಿತು. ಕಂಪನಿ ತನ್ನ ಗೆಲುವಿಗಾಗಿ ಅಲ್ಲಿ ಕಂಬ ನಿಲ್ಲಿಸಿತು, ನಮ್ಮವರ ಮೇಲಿನ ಪ್ರೀತಿಗಲ್ಲ. ಆದರೆ ಅದರ ಮೇಲಿನ 49 ಹೆಸರುಗಳಲ್ಲಿ 22 ಹೆಸರು ಮಹಾರರವು. ಪೇಶ್ವೆಯ ಕಾಲದಾಗ ಯಾರ ನೆರಳು ಮೈಲಿಗೆ ಅಂತಿದ್ದರೋ ಅವರ ಹೆಸರು. ಮುಂದೆ 19ನೇ ಶತಮಾನದ ಕೊನೆಗೆ ಇದೇ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ತಗೊಳ್ಳೋದು ನಿಲ್ಲಿಸಿದರು. ಮಹಾಯುದ್ಧ ಬಂದಾಗ 1917ರಲ್ಲಿ ಒಂದು ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿದ ಮ್ಯಾಲೆ ಅದನ್ನೂ ಮುಚ್ಚಿದರು. ಬೇಕಾದಾಗ ಕರೆದರು, ಬ್ಯಾಡಾದಾಗ ಮನೆಗೆ ಕಳಿಸಿದರು.

ಬಾಬಾಸಾಹೇಬರು ಸುಬೇದಾರ್ ರಾಮಜಿಯವರ ಮಗ. ಅವರಿಗೆ ಇದು ಪುಸ್ತಕದ ಮಾತಾಗಿರಲಿಲ್ಲ. 1927ರ ಜನವರಿ 1ರಂದು ಅವರು ಕೋರೆಗಾಂವ್ ಕಂಬಕ್ಕೆ ಹೋಗಿ ಗೌರವ ಸಲ್ಲಿಸಿದರು. ಅದೇ ವರ್ಷ ಮಾರ್ಚ್‌ನಾಗ ಮಹಾಡದ ಚೌದಾರ ಕೆರೆ ನೀರು ಮುಟ್ಟಿದರು. 1941ರಲ್ಲಿ ವೈಸರಾಯರ ರಕ್ಷಣಾ ಸಲಹಾ ಸಮಿತಿಯಲ್ಲಿದ್ದರು. ಮಹಾರರನ್ನು ಮತ್ತೆ ಸೈನ್ಯಕ್ಕೆ ತಗೋಬೇಕು ಅಂತ ಒತ್ತಾಯ ಮಾಡಿದರು. ಅದೇ ವರ್ಷ ನಮ್ಮ ಕನ್ನಡದ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಶುರುವಾಯಿತು. ಒಂದು ಕಲ್ಲಿನ ಮೇಲಿದ್ದ 22 ಹೆಸರು ಒಂದು ಸಮಾಜ ತಲೆ ಎತ್ತಿ ನಿಲ್ಲಲು ಬಲ ಕೊಟ್ಟವು.

ಇದೆಲ್ಲಾ ಹಳೇ ಕಥಿ ಅನ್ನಬ್ಯಾಡ್ರಿ. 2016ರ ಜೂನ್‌ನಾಗ ಕಾಶ್ಮೀರದ ಪಾಂಪೋರ್‌ದಲ್ಲಿ ಸಿಆರ್‌ಪಿಎಫ್ ಬಸ್ಸಿನ ಮ್ಯಾಲೆ ಉಗ್ರರು ಗುಂಡು ಹಾರಿಸಿದರು. ಸತ್ತವರಲ್ಲಿ ಉತ್ತರ ಪ್ರದೇಶದ ಫಿರೋಜಾಬಾದ್ ಜಿಲ್ಲೆಯ ಒಬ್ಬ ದಲಿತ ಜವಾನ ಇದ್ದ. ಅವನ ಅಂತ್ಯಕ್ರಿಯೆಗೆ, ಮೂರ್ತಿಗೆ ಊರಿನ ಸರ್ಕಾರಿ ಜಾಗ ಕೊಡಲು ಮೇಲ್ಜಾತಿಯವರು ಒಪ್ಪಲಿಲ್ಲ. ಅಧಿಕಾರಿಗಳು ಬಂದು ಮಾತಾಡಿದ ಮ್ಯಾಲೆ ಸಣ್ಣ ತುಂಡು ಜಾಗಕ್ಕೆ ಒಪ್ಪಿದರು. ದೇಶಕ್ಕೆ ಜೀವ ಕೊಟ್ಟವನಿಗೆ ಸ್ವಂತ ಊರಿನಾಗ ಸುಡಲು ಜಾಗ ಬೇಡಬೇಕಾಯಿತು. ನೆತ್ತರುಗೊಡಗೆ ಅನ್ನೋ ಮಾತು ಹುಟ್ಟಿದ ದೇಶ ಇದು.

ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತು. ಸ್ವಾತಂತ್ರ್ಯದ ನಂತರ ಸತ್ತ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಅಲ್ಲಿ ಕಲ್ಲಿನ ಮ್ಯಾಲಿದಾವ, ಒಬ್ಬೊಬ್ಬರದೂ ಬೇರೆ ಬೇರೆ. ಇದು ಒಳ್ಳೆ ಕೆಲಸ. ಆದರೆ ದೆಹಲಿಯ ಕಲ್ಲನ್ನು ನಮ್ಮ ಓಣಿಯ ಮುದುಕಿ ಹೋಗಿ ನೋಡಲು ಆಗಲ್ಲ. ಊರಿನ ನೆನಪು ಊರಾಗೇ ಇರಬೇಕು.

ಅದಕ್ಕೇ ಸಂಘಕ್ಕೆ ಒಂದು ಮಾತು ಹೇಳ್ತೀನಿ. ಈ ವರ್ಷ ನಾವು ಒಂದು ದಪ್ಪ ನೋಟ್‌ಬುಕ್ ಇಡೋಣ. ದಾಮರಗಿದ್ದ ಮತ್ತು ಸುತ್ತಲಿನ ಹಳ್ಳಿಗಳ ಕೇರಿಗಳಿಂದ ಸೈನ್ಯಕ್ಕೆ, ಪೊಲೀಸ್ ಪಡೆಗೆ ಹೋದವರು ಯಾರು, ತಿರುಗಿ ಬರದವರು ಯಾರು, ಮನೆ ಮನೆಗೆ ಹೋಗಿ ಕೇಳೋಣ. ಹೆಸರು, ತಂದೆ ಹೆಸರಿನ ಜೊತೆ ತಾಯಿ ಹೆಸರು, ಯಾವ ದಳ, ಯಾವ ವರ್ಷ. ಟ್ರಂಕಿನಾಗ ಹಳೇ ಪದಕ ಇದ್ದರೆ ಅದರ ಅಂಚು ನೋಡ್ರಿ. ಮಹಾಯುದ್ಧದ ಪದಕಗಳ ಅಂಚಿನ ಮ್ಯಾಲೆ ಹೆಸರು, ನಂಬರ್, ದಳ ಕೊರೆದಿರ್ತಾರ. ಪಿಂಚಣಿ ಪುಸ್ತಕ, ಹಳೇ ಫೋಟೋ, ಡಿಸ್ಚಾರ್ಜ್ ಕಾಗದ ಯಾವುದನ್ನೂ ರದ್ದಿಗೆ ಹಾಕಬ್ಯಾಡ್ರಿ, ಮೊಬೈಲಿನಾಗ ಫೋಟೋ ತಗೊಂಡು ಇಡ್ರಿ. ಕಾಮನ್‌ವೆಲ್ತ್ ಆಯೋಗದ ಪಟ್ಟಿ ಮೊಬೈಲಿನಾಗ ಪುಕ್ಕಟೆ ಹುಡುಕಬಹುದು. ಎರಡು ಮಹಾಯುದ್ಧದಾಗ ಸತ್ತವರ ಹೆಸರಿನ ಜೊತೆ ಕೆಲವು ಕಡೆ ತಂದೆ ಹೆಸರು, ಊರು ಸಹ ಇರ್ತದ.

ವಯಸ್ಸಾದವರು ಇರುವಾಗಲೇ ಈ ಕೆಲಸ ಆಗಬೇಕು. ಅವರು ಹೋದರೆ ಹೆಸರೂ ಹೋಗ್ತದ. ಕಲ್ಲು ನಿಲ್ಲಿಸಲು ರೊಕ್ಕ ಬೇಕು, ಜಾಗ ಬೇಕು, ಪಂಚಾಯಿತಿ ಒಪ್ಪಿಗೆ ಬೇಕು. ಬರೆಯಲು ಒಂದು ಪೆನ್ನು ಸಾಕು. ಪಟ್ಟಿ ನಮ್ಮ ಕೈಯಾಗ ಇದ್ದರೆ ನಾಳೆ ಪಂಚಾಯಿತಿ ಮುಂದೆ ಜಾಗ ಕೇಳಲು ಬಾಯಿ ಬರ್ತದ. ಮುಂದಿನ ವರ್ಷದ ಸಂಚಿಕೆಯಾಗ ಆ ಹೆಸರುಗಳು ಅಚ್ಚಾಗಲಿ.

ಜೈ ಭೀಮ್.