ತೀರ್ಪಿಗೆ ತಲೆಬಾಗುವುದೆಂದರೆ

ಕಳಸದಿಂದ ಸಂಸೆಯ ಮೇಲೆ ಹಾದು ಹೋಗುವ ರಸ್ತೆ ಕುದುರೆಮುಖ ಪಟ್ಟಣವನ್ನು ತಲುಪುತ್ತದೆ. ಕಬ್ಬಿಣದ ಅದಿರಿಗಾಗಿಯೇ ಹುಟ್ಟಿದ ಆ ಪಟ್ಟಣ ಇಂದು ಬಹುಪಾಲು ಬರಿದಾಗಿದೆ. ಅದಕ್ಕೆ ಕಾರಣ ಒಂದು ತೀರ್ಪು.

ಭದ್ರಾ ಕಣಿವೆಯ ಕಾಡು ಉಳಿಸಲು ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೊರೆಹೋದರು. 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ಕೋರ್ಟು 2002ರ ಅಕ್ಟೋಬರ್ 30ರಂದು ಆದೇಶಿಸಿತು. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ 2005ರ ಡಿಸೆಂಬರ್ 31ಕ್ಕೆ ಗಣಿ ಮುಚ್ಚಿತು.

ನ್ಯಾಯಾಲಯದ ಕೈಯಲ್ಲಿ ಖಡ್ಗವೂ ಇಲ್ಲ, ಖಜಾನೆಯೂ ಇಲ್ಲ ಎಂದು ಅಮೆರಿಕದ ಹ್ಯಾಮಿಲ್ಟನ್ 1788ರಲ್ಲೇ ಗುರುತಿಸಿದ್ದ. ಅದರ ಬಲವೆಲ್ಲ ಜನರ ಒಪ್ಪಿಗೆ. ಆ ಒಪ್ಪಿಗೆ ತಪ್ಪಿದರೆ ಏನಾಗುತ್ತದೆಂಬುದನ್ನು ಕರ್ನಾಟಕ 1991ರಲ್ಲಿ ಕಂಡಿತು. ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂಬ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ತಡೆಯಲು ರಾಜ್ಯ ಸುಗ್ರೀವಾಜ್ಞೆ ಹೊರಡಿಸಿತು. ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿತು. ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದಾಗ, ಡಿಸೆಂಬರಿನಲ್ಲಿ, ಹಿಂಸಾಚಾರ ಭುಗಿಲೆದ್ದಿತು. 2018ರ ಅಂತಿಮ ತೀರ್ಪು ರಾಜ್ಯಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟಿತು, ನಾಡು ಶಾಂತವಾಗಿತ್ತು.

ಗೆದ್ದವರು ತೀರ್ಪನ್ನು ಮೆಚ್ಚುವುದು ದೊಡ್ಡದಲ್ಲ. ಸೋತವರೂ ಪಾಲಿಸಿದಾಗಲೇ ನ್ಯಾಯಾಲಯದ ಮೇಲಿನ ನಂಬಿಕೆಯ ಅಳತೆ ಸಿಗುವುದು. ಕುದುರೆಮುಖದಲ್ಲಿ ಕೋರ್ಟು ಮೂರು ವರ್ಷಗಳ ಕಾಲಾವಕಾಶ ಕೊಟ್ಟಿತ್ತು. ಆದರೂ ಕೆಲಸ, ಮನೆ, ವ್ಯಾಪಾರ ಕಳೆದುಕೊಂಡವರು ಗಣಿಯನ್ನು ನಂಬಿದ್ದವರೇ. ಕಾಡು ಉಳಿದ ಲಾಭ ಮಾತ್ರ ಭದ್ರೆಯ ನೀರಿನೊಂದಿಗೆ ಕೆಳಗಿನ ಬಯಲಿಗೂ ಹರಿಯಿತು. ತೀರ್ಪು ಎಲ್ಲರದು, ಅದರ ಬೆಲೆ ಕೆಲವರದು ಎಂಬ ಈ ಲೆಕ್ಕವನ್ನು ಮರೆತರೆ ಮುಂದಿನ ತೀರ್ಪಿಗೆ ತಲೆಬಾಗುವವರು ಕಡಿಮೆಯಾದಾರು.